ಬೊಹೋಲಿನ ಬಟ್ಟೆಗೆ ರಾಗಿ ಗಂಜಿ

ದೊಡ್ಡಬಳ್ಳಾಪುರ
೧೪-೩-೧೯೪೮, ಭಾನುವಾರ

ವೆಂಕಟರಾಯಪ್ಪನವರಿಗೆ ಭಾಗ್ಯಮ್ಮ ಮಾಡುವ ನಮಸ್ಕಾರ.

ಗಂಡನ ಹೆಸರು ಬರೆದಳೆಂದು ಕೋಪ ಬಂದಿರಬೇಕು. ಬರಲಿ. ಮದುವೆಯಾದ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಬಾಯಿಗೆ ತಾರದ ಹೆಸರು, ಇವತ್ತು ಕೈ ತಡೆಯಲಿಲ್ಲ. ನಾನು ಕ್ಷೇಮ. ನೀವೂ ಕ್ಷೇಮವೆಂದು ಕಣ್ಣಾರೆ ನೋಡಿ ಬಂದಿದ್ದೇನೆ. ಎಲ್ಲಿ ನೋಡಿದೆ ಎನ್ನುವುದನ್ನು ಆಮೇಲೆ ಹೇಳುತ್ತೇನೆ.

ಹಿಂದಿನ ವರ್ಷಕ್ಕೂ ಹಿಂದಿನ ದೀಪಾವಳಿ ಮುಗಿಸಿಕೊಂಡು, ಫಿಲಿಪೈನ್ಸ್ ದೇಶದ ಬೊಹೋಲ್ ದ್ವೀಪದಲ್ಲಿ ಸಾಹುಕಾರರೊಬ್ಬರ ಬಟ್ಟೆ ಅಂಗಡಿಗೆ ಗುಮಾಸ್ತನಾಗಿ ಹೋಗುತ್ತೇನೆಂದು ಹೊರಟಿರಿ. ಕಾಗದಗಳೆಲ್ಲ ಸಾಹುಕಾರರ ಚೀಲದಲ್ಲಿ ಬಂದು ಬೆಂಗಳೂರಿನಲ್ಲಿ ಅಂಚೆಗೆ ಬೀಳುತ್ತವೆ, ಅಲ್ಲಿನ ಮುದ್ರೆ ಕಂಡು ಗಾಬರಿಯಾಗಬೇಡ ಎಂದಿರಿ. ನನಗೆ ಗಾಬರಿಯಾಗಲಿಲ್ಲ. ನಾಲ್ಕನೇ ಕ್ಲಾಸು ಓದಿದ್ದರೂ ಆಗಲಿಲ್ಲ.

ಎಂಥೆಂಥ ಕಾಗದ ಬರೆದಿರಿ! ತೆಂಗು, ಭತ್ತ, ಮೀನು, ಅಷ್ಟರಲ್ಲೇ ಆ ಜನರ ಬದುಕು ಎಂದಿರಿ. ಕಣದ ರಾಶಿಗಳಂತೆ ಸಾವಿರಕ್ಕೂ ಮೇಲೆ ಗುಡ್ಡಗಳಿವೆ, ಬೇಸಿಗೆಯಲ್ಲಿ ಹುಲ್ಲು ಒಣಗಿ ಕಂದಾಗುತ್ತವೆ ಎಂದಿರಿ. ಅಲ್ಲಿನ ಪಾಳೆಯಗಾರ ಸಿಕಟೂನ, ಸ್ಪೇನಿನಿಂದ ಬಂದ ನಾಯಕನ ಜೊತೆ ತೋಳು ಕೊಯ್ದುಕೊಂಡು, ಇಬ್ಬರ ರಕ್ತವನ್ನೂ ಮದ್ಯದಲ್ಲಿ ಬೆರೆಸಿ ಕುಡಿದು ಅಣ್ಣತಮ್ಮಂದಿರಾದ ಕಥೆ ಬರೆದಿರಿ. ಅಷ್ಟಾದ ಮೇಲೂ ಸ್ಪೇನಿನವರು ಮುನ್ನೂರು ವರ್ಷ ಅವರ ತಲೆಯ ಮೇಲೆ ಕೂತರು, ಆಮೇಲೆ ಅಮೆರಿಕದವರು, ಯುದ್ಧದಲ್ಲಿ ಜಪಾನಿನವರು, ಈಗ ನಮ್ಮ ಹಾಗೆಯೇ ಸ್ವತಂತ್ರರು. ಜಗುಲಿಯಲ್ಲಿ ಕೂತು ನಾನು ಇದನ್ನೆಲ್ಲ ಓದುತ್ತಿದ್ದರೆ ಬೀದಿಯ ಹೆಂಗಸರು ರಾಟೆ ನಿಲ್ಲಿಸಿ ಕೇಳುತ್ತಿದ್ದರು. ಪಕ್ಕದ ಮನೆಯ ಅಮ್ಮಯಮ್ಮ ನನ್ನನ್ನು ಬೊಹೋಲ್ ಭಾಗ್ಯಮ್ಮ ಎಂದೇ ಕರೆಯತೊಡಗಿದರು. ನನಗೂ ಹಮ್ಮು ಬಂದಿತ್ತು, ಸುಳ್ಳೇಕೆ ಹೇಳಲಿ.

ದಗೊಹೊಯ್ ಎಂಬವನ ಕಥೆಯಂತೂ ಬಾಯಿಪಾಠವಾಯಿತು. ಅವನ ತಮ್ಮನ ಹೆಣಕ್ಕೆ ಮಣ್ಣು ಕೊಡಲು ಪಾದ್ರಿ ಒಪ್ಪಲಿಲ್ಲ. ಅವನು ಜನ ಕಟ್ಟಿಕೊಂಡು ಗುಡ್ಡ ಹತ್ತಿದ. ಅವನು ಸತ್ತರೂ ಅವನ ಕಡೆಯವರು ಎಂಬತ್ತೈದು ವರ್ಷ ತಲೆ ಬಾಗಲಿಲ್ಲ. ಅಷ್ಟು ವರ್ಷ ಸಿಟ್ಟು ಆರದೆ ಉಳಿಯುತ್ತದೆಯೇ ಎಂದು ಆಗ ನಕ್ಕಿದ್ದೆ.

ಹೋದ ತಿಂಗಳ ಅಂತ್ಯಕ್ಕೆ ಕೊನೆಯ ಕಾಗದ ಬಂತು. ನಿನಗೂ ಹಡಗಿನ ಚೀಟಿ ಮಾಡಿಸುತ್ತೇನೆ, ನಿಮ್ಮಪ್ಪ ಕೊಟ್ಟ ಮಗ್ಗವನ್ನು ಮಾರಿ ಬಂದದ್ದನ್ನು ಬೆಂಗಳೂರಿಗೆ ಓಡಾಡುವ ನೂಲಿನ ವ್ಯಾಪಾರಿ ಅನೀಸ್ ಅಹಮದ್ ಸಾಹೇಬರ ಕೈಲಿ ಸಾಹುಕಾರರಿಗೆ ಕಳಿಸು ಎಂದಿರಿ. ನಂಬಿಕೆಗೆಂದು ಅವರ ಕೈಲೇ ದ್ವೀಪದ ಬಟ್ಟೆಯ ತುಂಡೊಂದನ್ನು ಕಳಿಸಿದಿರಿ. ಮಗ್ಗ ಕೊಳ್ಳಲು ಬಂದ ಮುನಿಶಾಮಪ್ಪನಿಗೆ ನಾನು ಮಾತು ಕೊಟ್ಟೆ. ಶುಕ್ರವಾರ ಬಂದು ಮಗ್ಗ ಬಿಚ್ಚುತ್ತೇನೆಂದ.

ಗುರುವಾರ ಆ ಬಟ್ಟೆಯನ್ನು ಅಮ್ಮಯಮ್ಮನಿಗೆ ತೋರಿಸುತ್ತಿದ್ದೆ. ಬಟ್ಟೆ ಕೈಗೆ ಬಂದರೆ ತುದಿಯನ್ನು ನಾಲಿಗೆಗೆ ತಾಗಿಸಿ ನೂಲಿಗೆ ಹಾಕಿದ ಗಂಜಿ ಯಾವುದೆಂದು ನೋಡುವುದು ನಮ್ಮ ಬೀದಿಯವರ ಅಭ್ಯಾಸ, ನಿಮಗೆ ಗೊತ್ತಿರುವುದೇ. ಆಕೆ ತಾಗಿಸಿ, "ಏನೇ ಇದು, ನಮ್ ರಾಗಿ ಗಂಜಿ ಕಣೇ!" ಎಂದರು. ನಾನೂ ನೋಡಿದೆ. ರಾಗಿಯೇ. ಬೊಹೋಲಿನವರು ರಾಗಿಯನ್ನು ಕಣ್ಣಲ್ಲೂ ಕಂಡಿಲ್ಲವೆಂದು ಬರೆದವರು ನೀವೇ. ಅಲ್ಲಿ ಬಟ್ಟೆಗೆ ಬಾಳೆ ಜಾತಿಯ ಗಿಡದ ನಾರು, ಅದನ್ನು ನೂಲುವುದಿಲ್ಲ, ಎಳೆಗೆ ಎಳೆ ಗಂಟು ಹಾಕಿ ನೇಯುತ್ತಾರೆ ಎಂದವರೂ ನೀವೇ. ಬೆಳಕಿಗೆ ಹಿಡಿದೆ, ಒಂದು ಗಂಟೂ ಇಲ್ಲ, ಬರೀ ಹತ್ತಿ ನೂಲು. ಆಮೇಲೆ ಎಡಗಡೆಯ ಅಂಚು ನೋಡಿದೆ. ಗೇಣಿಗೊಮ್ಮೆ ಒಳಕ್ಕೆ ಸೆಳೆದುಕೊಂಡಿತ್ತು. ಅಪ್ಪ ಎಷ್ಟು ಬೈದರೂ ನಿಮ್ಮ ಕೈಯಿಂದ ಹೋಗದ ಚಾಳಿ ಅದು. ಒಂಬತ್ತು ವರ್ಷ ನಿಮ್ಮ ಲಾಳಿಗೆ ನೂಲು ಸುತ್ತಿಕೊಟ್ಟವಳಿಗೆ ಗುರುತು ಸಿಗದೇ ಇರುತ್ತದೆಯೇ?

ಅನೀಸ್ ಸಾಹೇಬರ ಮನೆಗೆ ಹೋಗಿ ಕೇಳಿದೆ. ತಲೆ ತಗ್ಗಿಸಿ, "ಸುಳ್ಳು ಹೇಳಕ್ಕಾಗಲ್ಲಕ್ಕಾ, ಹಡಗಿಂದ ಬಂತು ಅಂತ ಹೇಳಿ ಅಂದು ನಿಮ್ಮೆಜಮಾನ್ರೇ ಬೆಂಗ್ಳೂರು ಕಬ್ಬನ್‌ಪೇಟೇಲಿ ಕೊಟ್ಟಿದ್ದು" ಎಂದರು. ಶುಕ್ರವಾರ ಮುನಿಶಾಮಪ್ಪನನ್ನು ಬಾಗಿಲಿನಿಂದಲೇ ಕಳಿಸಿ ರೈಲು ಹತ್ತಿದೆ.

ಸಾಹೇಬರು ಹೇಳಿದ ಗುರುತಿನ ಮೇಲೆ ಹೋಗಿ, ಕಬ್ಬನ್‌ಪೇಟೆಯ ನಿಮ್ಮ ಎದುರು ಮನೆಯ ಕಂಬದ ಹಿಂದೆ ನಿಂತು ನೋಡಿದೆ. ನೀವು ಮಗ್ಗದಲ್ಲಿದ್ದಿರಿ. ಪಕ್ಕದಲ್ಲಿ ಬಸುರಿ ಹೆಂಗಸೊಬ್ಬಳು ನಾನು ಕೂರುತ್ತಿದ್ದ ಹಾಗೆಯೇ ಕಾಲು ಚಾಚಿ ನೂಲು ಸುತ್ತುತ್ತಿದ್ದಳು. ಕಿಟಕಿಯಲ್ಲಿ ರಟ್ಟು ಕಿತ್ತ ಒಂದು ಪುಸ್ತಕವಿತ್ತು, ರಟ್ಟಿನ ಮೇಲೆ ತೆಂಗಿನ ಮರ, ಸಮುದ್ರ, ದೊಡ್ಡ ಅಕ್ಷರದಲ್ಲಿ ಫಿಲಿಪೈನ್ಸ್ ಎಂಬ ಹೆಸರು. ಹೆಂಗಸನ್ನು ಕಂಡದ್ದಕ್ಕಿಂತ ಆ ಪುಸ್ತಕ ಕಂಡದ್ದೇ ನನಗೆ ಹೆಚ್ಚು ಉರಿಯಿತು. ಎಲ್ಲ ಅದರಿಂದ ಇಳಿಸಿಕೊಂಡದ್ದೇ, ನನಗೆಂದೇ ನಿಮ್ಮ ತಲೆಯಿಂದ ಬಂದ ಒಂದು ಸಾಲೂ ಆ ಕಾಗದಗಳಲ್ಲಿ ಇರಲಿಲ್ಲ. ಇದ್ದದ್ದು ಒಂದೇ, ಮಗ್ಗ ಮಾರು ಎನ್ನುವುದು.

ಮಗ್ಗ ಮಾರುವುದಿಲ್ಲ. ಅಲ್ಲಿಂದ ಬಂದ ಮೇಲಿನ ಸೋಮವಾರದಿಂದ ಅದರಲ್ಲಿ ನಾನೇ ಕೂರುತ್ತಿದ್ದೇನೆ. ಹೆಂಗಸು ಮಗ್ಗಕ್ಕಿಳಿದಳೆಂದು ಬೀದಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಮೊದಲ ಸೀರೆ ಅರ್ಧವಾಗಿದೆ, ಅಂಚು ನೆಟ್ಟಗಿದೆ. ನೀವು ಬರಬೇಡಿ. ಆ ಪುಸ್ತಕವನ್ನು ಮಾತ್ರ ಕಳಿಸಿಕೊಡಿ. ದಗೊಹೊಯ್ ಕಡೆಯವರು ಕೊನೆಗೆ ಏನಾದರೆಂದು ನೀವು ಬರೆಯಲೇ ಇಲ್ಲ, ಜಗುಲಿಯವರು ಕೇಳುತ್ತಿದ್ದಾರೆ.

ಇಂತು,
ಭಾಗ್ಯಮ್ಮ

ಮರೆತಿದ್ದೆ: ಆ ಬಸುರಿ ಹುಡುಗಿಯ ಹೆಸರು ಪಾಪಕ್ಕ ಎಂದು ಅನೀಸ್ ಸಾಹೇಬರು ಹೇಳಿದರು. ನಿಮ್ಮ ಮೊದಲ ಹೆಂಡತಿ ಪ್ಲೇಗಿನಲ್ಲಿ ಸತ್ತಳೆಂದು ಅವಳಿಗೆ ಹೇಳಿದ್ದೀರಂತೆ. ಬೊಹೋಲಿಗಿಂತ ದೂರಕ್ಕೇ ನನ್ನನ್ನು ಕಳಿಸಿದ್ದೀರಿ. ಅವಳಿಗೆ ಓದು ಬಾರದಂತೆ, ಅದಕ್ಕೇ ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ನೀವು ಮನೆಯಲ್ಲಿಲ್ಲದಾಗ ಅವಳಿಗೆ ಓದಿ ಹೇಳಿ, ಆಮೇಲೆ ನಿಮಗೆ ಕೊಡಲು ಸಾಹೇಬರು ಒಪ್ಪಿದ್ದಾರೆ.