ಬಜೆ ತೇಯುವ ಕಲ್ಲು

ಆಕ್ಲೆಂಡ್, ಮಂಗಳವಾರ

ಅಣ್ಣಯ್ಯನಿಗೆ ಗುರುಸಿದ್ದಮ್ಮನ ಶರಣು.

ಬಂದು ಸೇರಿದೆ. ಮಗಳು ಜೀವಿತಾ, ಕೂಸು ಚೆನ್ನಾಗಿದ್ದಾರೆ. ಚಳಿಗೆ ನನ್ನ ಮಂಡಿ ಹಿಡಿದುಕೊಂಡಿದೆ.

ಅವ್ವ ನಮಗೆಲ್ಲ ಬಜೆ ತೇಯ್ದು ನೆಕ್ಕಿಸಿದ ಕಲ್ಲನ್ನು ಮೊಮ್ಮಗನಿಗೆಂದು ನಿನ್ನನ್ನು ಕೇಳಿ ತಂದಿದ್ದೆನಲ್ಲ, ಅದನ್ನು ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡರು. ಕಲ್ಲಿನ ಗುಳಿಗಳಲ್ಲಿ ಬಿಳಿಗೆರೆ ತೋಟದ ಮಣ್ಣಿತ್ತು. ಹೊರಗಿನ ಮಣ್ಣು ಈ ದೇಶದೊಳಕ್ಕೆ ಬರುವ ಹಾಗಿಲ್ಲವಂತೆ. ತವರಿನ ಮಣ್ಣೆಂದು ನಾನೇ ತೊಳೆಯದೆ ತಂದಿದ್ದೆ, ನನ್ನ ದಡ್ಡತನ.

ಕಲ್ಲು ಬಿಟ್ಟುಕೊಟ್ಟಿದ್ದೇನೆಂದು ಇಂಗ್ಲಿಷ್ ಕಾಗದಕ್ಕೆ ಸಹಿ ಕೇಳಿದರು. ಪೆನ್ನು ಹಿಡಿದೆ. ಅಧಿಕಾರಿ ತಡೆದು, ಫೋನಿನಲ್ಲಿ ಕನ್ನಡದ ಹೆಣ್ಣುಮಗಳೊಬ್ಬಳನ್ನು ಹಿಡಿದು, ಕಾಗದದಲ್ಲಿದ್ದದ್ದನ್ನೆಲ್ಲ ನನಗೆ ಹೇಳಿಸಿದ. "ಅರ್ಥ ಆಗದಿದ್ರೆ ಇನ್ನೊಂದ್ಸಲ ಹೇಳ್ತೀನಮ್ಮ, ಅವಸರ ಇಲ್ಲ" ಅಂದಳು ಅವಳು.

ತೋಟದಲ್ಲಿ ನನಗೆ ಪಾಲು ಬೇಡವೆಂದು ಬರೆಸಿಕೊಂಡ ದಿನ ತಿಪಟೂರಿನಲ್ಲಿ ನೀನು ಅಂದದ್ದು ನೆನಪಿದೆಯಾ? "ಓದೋಕೇನೈತೆ ಅದ್ರಲ್ಲಿ, ಸೈನ್ ಹಾಕ್ ಬುಡು ಕಣೇ, ಬಸ್ಸಿಗೆ ಹೊತ್ತಾಯ್ತು."

ಒಂದು ಕಲ್ಲಿಗೆ ಪರದೇಶದವರು ಇಷ್ಟು ಮಾಡಿದರು.

ಕಾರ್ಡು ತುಂಬಿತು. ಅತ್ತಿಗೆಗೆ ಓದು ಬಾರದು. ಇದನ್ನಾದರೂ ಒಂದು ಸಾಲೂ ಬಿಡದೆ ಓದಿ ಹೇಳು.

ನಿನ್ನ ತಂಗಿ