ಈ ವಾರ ಚಿಪ್ಪು ಕಳಿಸಬೇಡಿ

ಶನಿವಾರಸಂತೆ,
ಸೋಮವಾರ

ಚಿಪ್ಪುಮೀನು ಚಪ್ಪರಿಸುವ ಸಮಸ್ತ ಮಹಾಜನರೇ!

ಗಾಬರಿಯಾಗಬೇಡಿ ಜಲಜಕ್ಕ, ಪತ್ರ ನಿಮಗೇ. ಸಂತೆಯಲ್ಲಿ ನನ್ನ ಭಾಷಣ ಕೇಳುವವರು ಉಳಿದಿಲ್ಲ, ಅದಕ್ಕೇ ಇಲ್ಲಿ ಶುರುಮಾಡಿದೆ.

ಕಡಲಿನ ಹಸಿರು ಪಾಚಿ ಕರಗಿತು, ಚಿಪ್ಪು ತಿನ್ನಬಹುದೆಂದು ಪರೀಕ್ಷೆಯಲ್ಲೂ ಬಂತು, ಶನಿವಾರ ನಾಲ್ಕು ಮೂಟೆ ಬಸ್ಸಿಗೆ ಹಾಕಲೇ ಎಂದು ಕೇಳಿದ್ದಿರಿ. ಹಾಕಬೇಡಿ. ಪಾಚಿ ಕರಗಿದ ಮೇಲೆ ಹೋದ ವಾರ ನೀವು ಕಳಿಸಿದ ಒಂದು ಮೂಟೆಯನ್ನೇ ಕಾಫಿ ತೋಟದ ಗೊಬ್ಬರದ ಗುಂಡಿಗೆ ಸುರಿದೆ. ಅಂಗಡಿಯಲ್ಲಿ ತಕ್ಕಡಿ ತೂಕಡಿಸುತ್ತಿದೆ. ವಾರ ತಪ್ಪದೆ ಎರಡು ಸೇರು ಒಯ್ಯುತ್ತಿದ್ದ ಎಸ್ಟೇಟಿನ ಲೈನ್‌ಮನೆಯ ಜವರಿ, "ಬ್ಯಾಡ ಕಣಣ್ಣ, ಉಸಿರು ಹೋಯ್ತದಂತೆ" ಎಂದು ಕೋಳಿ ಅಂಗಡಿಗೆ ನಡೆದಳು. ಎಲ್ಲರ ಫೋನಿನಲ್ಲೂ ಅದೇ ಪದ್ಯ:

ಕಡಲೆಲ್ಲ ಹಸಿರು,
ಚಿಪ್ಪು ತಿಂದರೆ ಹೋದೀತು ಉಸಿರು.

"ಬರೆದವ ಸಿಕ್ಕಿದ್ರೆ ಅವನ ಬಾಯಿಗೆ ಚಿಪ್ಪು ತುರುಕ್ತೇನೆ ಮಾರಾಯ್ರೆ" ಎಂದು ನೀವು ಫೋನಿನಲ್ಲಿ ಬೈದಾಗ ನಾನೂ ಹೂಂಗುಟ್ಟಿದೆ.

ಪರೀಕ್ಷೆಯ ಕಾಗದದ ಒಂದು ನಕಲು ಕಳಿಸಿ, ಅಂಗಡಿಯ ಬಾಗಿಲಿಗೆ ಅಂಟಿಸುತ್ತೇನೆ. ನಿಮ್ಮ ಜೊತೆ ಅಳಿವೆಗಿಳಿದು ಚಿಪ್ಪು ಆರಿಸುವ ಆರು ಹೆಂಗಸರಿಗೆ ಸದ್ಯಕ್ಕೆ ಬೇರೆ ಕೆಲಸ ನೋಡಿಕೊಳ್ಳಲು ಹೇಳಿ. ಹೇಗೆ ಹೇಳುತ್ತೀರೋ ಗೊತ್ತಿಲ್ಲ.

ಫೋನಿನಲ್ಲಿ ಹೇಳಲು ಧೈರ್ಯ ಬಾರದ್ದು ಇನ್ನೊಂದಿದೆ. ಕಡಲಿಗೆ ಪಾಚಿ ಬಂದು ನಿಮ್ಮ ಮಾಲು ನಿಂತ ಮೊದಲ ಶನಿವಾರ, ಬರಿಗೈಲಿ ಹೋಗುವ ಗಿರಾಕಿಗಳು ನಗಲೆಂದು, ಆ ಪದ್ಯವನ್ನು ಅಂಗಡಿಯ ಹಲಗೆಯ ಮೇಲೆ ಬರೆದವನು ನಾನೇ. ಸಂಜೆಗೆ ಒರೆಸಿದೆ. ಅಷ್ಟರಲ್ಲಿ ಯಾರೋ ಫೋಟೋ ತೆಗೆದಿದ್ದರು.

ಇಂತಿ,
ಸಿದ್ಧಾರ್ಥ