ಮುಚ್ಚಿದ ಪುಟವನ್ನು ಓದಿದವಳು

ಹರಿಹರ
23 ನವೆಂಬರ್ 2024, ಶನಿವಾರ

ತನುವಿನ ಅಪ್ಪಾಜಿಯವರಿಗೆ,

ಸುಧಾಳ ನಮಸ್ಕಾರಗಳು. ಇಲ್ಲಿ ಎಲ್ಲರ ಮೈ ಚೆನ್ನಾಗಿದೆ. ಕ್ಷೇಮ ಎಂದು ಬರೆಯಲು ನನಗಿರುವ ಆಧಾರ ಅಷ್ಟೇ. ನಿಮ್ಮ ಮೊಣಕೈ ನೋವು ಹೇಗಿದೆ? ವೆಲ್ಡಿಂಗ್ ಬಿಡಿಸಿ ಬೇರೆ ಕೆಲಸ ಕೊಡುತ್ತೇವೆ ಎಂದಿದ್ದರಲ್ಲ, ಕೊಟ್ಟರೇ? ಒಡಿಶಾದ ಆ ಪಾರಾದೀಪದ ಅನ್ನ ಇನ್ನೂ ಹೊಂದಿಲ್ಲವೆಂದು ನಿಮ್ಮ ದನಿಯಿಂದಲೇ ತಿಳಿಯುತ್ತದೆ.

ತನುವಿನ ಪರೀಕ್ಷೆಯ ರಿಪೋರ್ಟು ಕಳಿಸು ಎಂದು ನೀವು ಫೋನಿನಲ್ಲಿ ಕೇಳುತ್ತಲೇ ಇದ್ದೀರಿ, ನಾನು ನೆಪ ಹೇಳುತ್ತಲೇ ಇದ್ದೇನೆ. ತಡಮಾಡಿದ್ದಕ್ಕೆ ಕ್ಷಮಿಸಿ. ನಮ್ಮ ಮನೆಯಲ್ಲಿ ಫೋನೆಂದರೆ ಸ್ಪೀಕರ್. ಮಾವನವರಿಗೆ ಕಿವಿ ಮಂದ, ತನುವಿಗೆ ನಿಮ್ಮ ದನಿ ಬೇಕು. ವಾಟ್ಸಾಪಿನಲ್ಲಿ ಬರೆಯೋಣವೆಂದರೆ, ಬರೆದದ್ದನ್ನು ಫೋನಿನಿಂದಲೇ ಗಟ್ಟಿಯಾಗಿ ಓದಿಸಿಕೊಳ್ಳುವ ಉಪಾಯವನ್ನು ಅವಳು ಯಾವಾಗಲೋ ಕಂಡುಕೊಂಡಿದ್ದಾಳೆ. ಉಳಿದದ್ದು ಕಾಗದ ಮತ್ತು ನನ್ನ ಕೂಡುಬರಹ. ಈಗ ಅವಳು ನನ್ನ ಮಗ್ಗುಲಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಾಳೆ. ಹತ್ತನೇ ತರಗತಿಯ ಮಗಳ ಪಕ್ಕದಲ್ಲಿ ಕೂತು ಅವಳ ವಿಷಯವನ್ನೇ ನಾನು ನಿರ್ಭಯವಾಗಿ ಬರೆಯಬಲ್ಲೆ. ನಮ್ಮ ಕಷ್ಟ ಏನೆಂದು ಇದಕ್ಕಿಂತ ಚೆನ್ನಾಗಿ ಹೇಗೆ ಹೇಳಲಿ?

ನಿಜವನ್ನು ಮೊದಲೇ ಹೇಳಿಬಿಡುತ್ತೇನೆ. ತನು ದಾವಣಗೆರೆಯ ಪರೀಕ್ಷೆಯಲ್ಲಿ ಪಾಸಾದಳೆಂದು ಮಾವ ನಿಮಗೆ ಫೋನು ಮಾಡಿದರಲ್ಲ, ನೀವು ಅಲ್ಲಿಂದ ಕೂಗಿ, ಅತ್ತು, ಕೈಗಡಿಯಾರ ಕೊಡಿಸುತ್ತೇನೆಂದು ಮಾತು ಕೊಟ್ಟಿರಲ್ಲ, ಅದು ಪಾಸಾಗುವ ಪರೀಕ್ಷೆಯೇ ಅಲ್ಲ. ಓದುವುದು ಅವಳಿಗೆ ಎಷ್ಟು ಕಷ್ಟ ಎಂದು ಅದು ತೋರಿಸಿಕೊಟ್ಟಿದ್ದರೆ ಸರ್ಟಿಫಿಕೇಟು ಸಿಗುತ್ತಿತ್ತು. ಸರ್ಟಿಫಿಕೇಟು ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆ ಓದಿ ಹೇಳಿ, ಅವಳು ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬರನ್ನು ಕೊಡುತ್ತಾರೆ. ಹೆಚ್ಚು ಹೊತ್ತೂ ಕೊಡುತ್ತಾರೆ. ಈಗ ನಮ್ಮ ಕೈಯಲ್ಲಿ ಏನೂ ಇಲ್ಲ. ಈ ತಿಂಗಳು ಮುಗಿಯುವವರೆಗೆ ಕಾಯುತ್ತೇನೆ, ಆಮೇಲೆ ನನ್ನನ್ನು ಕೇಳಬೇಡಿ ಎಂದಿದ್ದಾರೆ ಹೆಡ್ಮಾಸ್ಟರು.

ಶಾಲೆಯವರು ಹಿಂದೆ ಒಂದು ಕಂಪ್ಯೂಟರ್ ಪರೀಕ್ಷೆ ಮಾಡಿಸಿ, 'ಬುದ್ಧಿ ಸಾಧಾರಣಕ್ಕಿಂತ ಕಡಿಮೆ' ಎಂಬ ಹಾಳೆ ಕೊಟ್ಟಿದ್ದು ನಿಮಗೆ ನೆನಪಿದೆ. ಅದನ್ನು ದಾವಣಗೆರೆಯ ಆಸ್ಪತ್ರೆಗೆ ಒಯ್ದಿದ್ದೆ. ಅಲ್ಲಿ ಮಕ್ಕಳ ಮನಶ್ಶಾಸ್ತ್ರ ನೋಡುವ ಶೋಭಾರಾಣಿ ಮೇಡಂ ಅದನ್ನೊಮ್ಮೆ ತಿರುವಿ ಹಾಕಿ ಪಕ್ಕಕ್ಕಿಟ್ಟರು. "ಪ್ರಶ್ನೆಯೆಲ್ಲ ಇಂಗ್ಲಿಷು. ಹುಡುಗಿ ಕನ್ನಡ ಮೀಡಿಯಮ್ಮು. ಓದೋಕೆ ಬರದೇ ಇರೋರ ಮುಂದೆ ಓದೋ ಪರೀಕ್ಷೆ ಇಟ್ಟು ಬುದ್ಧಿ ಅಳೆದಿದಾರೆ. ಇದನ್ನ ಇವಳ ಮುಂದೆ ಇನ್ನೊಂದ್ಸಲ ತೆಗೀಬೇಡ್ರಿ" ಎಂದರು. ಮೊದಲ ದಿನ ಅವರು ಬಾಯಿಮಾತಿನ ಪ್ರಶ್ನೆ ಕೇಳಿದರು, ಬಣ್ಣದ ಕಟ್ಟಿಗೆ ತುಂಡುಗಳನ್ನು ಜೋಡಿಸಲು ಕೊಟ್ಟರು. ತನು ಪಟಪಟ ಮಾಡಿದಳು. "ನಿಮ್ಮ ಮಗಳ ಬುದ್ಧಿಗೆ ಏನೂ ಆಗಿಲ್ರಿ. ಓದೋದೊಂದೇ ಎಲ್ಲೋ ಸಿಕ್ಕಿ ಹಾಕ್ಕೊಂಡೈತೆ. ಅದನ್ನ ನಾಳೆ ನೋಡ್ತೀನಿ" ಎಂದರು. ಆ ಸಂಜೆ ಬಸ್ಸಿನಲ್ಲಿ ನಾನು ಯಾರೆಂದೂ ಗೊತ್ತಿಲ್ಲದ ಹೆಂಗಸಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟೆ. ಅಷ್ಟು ಹಗುರವಾಗಿದ್ದೆ.

ಮರುದಿನ ನನ್ನನ್ನೂ ಒಳಗೆ ಹಿಂದಿನ ಕುರ್ಚಿಯಲ್ಲಿ ಕೂಡಿಸಿದರು. ಒಂದು ಹಾಳೆ, ಅದರಲ್ಲಿ ಒಬ್ಬ ಕುಂಬಾರ ಸಂತೆಗೆ ಹೊರಟ ಕಥೆ. ತನು ಓದತೊಡಗಿದಳು. ಎಲ್ಲಿಯೂ ತಡವರಿಸಲಿಲ್ಲ. ಒಂದನೇ ತರಗತಿಯಿಂದ ನಾನು ಕೇಳದೇ ಇದ್ದ ಓದು. ನಾನು ಕುರ್ಚಿಯ ತುದಿಗೆ ಸರಿದು ಕೂತೆ. ಮೇಡಂ ಹಾಳೆಯ ಮೇಲೆ ಅಂಗೈ ಇಟ್ಟರು. ಅವಳು ನಿಲ್ಲಲಿಲ್ಲ. ಕುಂಬಾರ ಮಡಕೆ ಮಾರಿದ, ಮನೆಗೆ ಬಂದ, ಎತ್ತಿಗೆ ನೀರು ಕುಡಿಸಿದ.

"ಚೆನ್ನಾಗಿ ಹೇಳಿದೆ ಪುಟ್ಟಿ. ಯಾರು ಹೇಳಿಕೊಟ್ರು?"

"ನಮ್ಮಜ್ಜ! ಇನ್ನೊಂದು ಕಥೀನೂ ಬರ್ತೈತೆ, ಹೇಳ್ಲೇನ್ರಿ ಮೇಡಂ?"

ಆಮೇಲೆ ತಿಳಿದದ್ದು ಇದು. ಮಂಡಿಪೇಟೆಯಲ್ಲಿ ಎಣ್ಣೆ ಅಂಗಡಿ ಇಟ್ಟಿರುವ ಮಹೇಂದ್ರ ಎಂಬವನು ನಮ್ಮ ಮಾವನವರ ಹಳೆಯ ಶಿಷ್ಯ. ಅವನ ಮಗನಿಗೂ ಇದೇ ಪರೀಕ್ಷೆ ಆಗಿತ್ತಂತೆ. ಯಾವುದೋ ಟ್ಯೂಷನ್ನಿನವರು ಹಾಳೆಗಳ ಫೋಟೋ ಹೊಂದಿಸಿ ಕೊಟ್ಟಿದ್ದರಂತೆ. "ಮೇಷ್ಟ್ರಿಗೆ ಇಲ್ಲದ್ದು ಯಾರಿಗೆ ಕೊಡ್ಲಿ" ಎಂದು ಮಾವನಿಗೆ ಕಳಿಸಿದ. ನಾನು ಹೊಲಿಗೆ ಕ್ಲಾಸಿಗೆ ಹೋದಾಗಲೆಲ್ಲ ಇವರು ಅವಳನ್ನು ಕೂಡಿಸಿಕೊಂಡು ಬಾಯಿಪಾಠ ಮಾಡಿಸಿದ್ದಾರೆ. ಒಮ್ಮೆ ಕಿವಿಗೆ ಬಿದ್ದದ್ದನ್ನು ಅವಳು ಬಿಡುವುದಿಲ್ಲ, ನಿಮಗೇ ಗೊತ್ತು.

"ಶುಗರ್ ಟೆಸ್ಟಿಗೆ ಬರೋ ಮುಂಚೆ ಎರಡು ದಿನ ಸಿಹಿ ಬಿಟ್ಟು ಬರ್ತಾರಲ್ರಿ, ಹಂಗಾತು" ಎಂದರು ಮೇಡಂ. ಅವರಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಇವಳಿಗೆ ಓದಲು ಬರುವುದಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು, ಹಾಗೆಯೇ ಬರೆದುಕೊಡಿ ಎಂದು ಬೇಡಿಕೊಂಡೆ. ಕಾಲು ಹಿಡಿದೆ. ಇದನ್ನು ನಿಮಗೆ ಬರೆಯಲು ನಾಚಿಕೆಯಾಗುತ್ತಿಲ್ಲ. ಅವರು ನನ್ನ ತೋಳು ಹಿಡಿದು ಎಬ್ಬಿಸಿದರು. "ನನಗೆ ಗೊತ್ತಿರೋದನ್ನ ಬರೆಯೋ ಹಂಗಿದ್ರೆ ಪರೀಕ್ಷೆ ಯಾಕೆ ಬೇಕಿತ್ರಿ? ನಾಳೆ ಇನ್ನೊಬ್ಬರು ಬರೀ ಗೊತ್ತು ಅಂತ ನಿಮ್ಮ ಮಗಳನ್ನ ದಡ್ಡಿ ಅಂತ ಬರೆದ್ರೆ?"

ಅವರ ಬಳಿ ಓದಿಸುವ ಇನ್ನೊಂದು ಪರೀಕ್ಷೆ ಇದೆ. ಹೊಸದು, ಯಾರ ಫೋನಿಗೂ ಸೇರಿಲ್ಲ. ನಾಡಿದ್ದು ಸೋಮವಾರ ಬರಲು ಹೇಳಿದ್ದಾರೆ. ಹಿಂದೆ ಆದದ್ದನ್ನೂ ವರದಿಯಲ್ಲಿ ಬರೆಯುತ್ತಾರಂತೆ, ಮುಚ್ಚಿಡುವುದಿಲ್ಲ. ಒಂದು ಮಾತನ್ನು ಒತ್ತಿ ಹೇಳಿದರು: "ಏನೂ ಕಲಿಸಬೇಡ್ರಿ. ಊಟ ಮಾಡಿಸ್ರಿ, ಮಲಗಿಸ್ರಿ, ಕರ್ಕೊಂಡು ಬರ್ರಿ. ಬೇಕಂತ ತಪ್ಪು ಹೇಳಿದ್ರೂ ನಮಗೆ ಗೊತ್ತಾಗ್ತದೆ. ಹಂಗೇನಾದ್ರೂ ಆದ್ರೆ ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ಮನೆಗೆ ಬಂದು ಮಾವನ ಮುಂದೆ ಮೊದಲ ಸಲ ದನಿ ಎತ್ತಿದೆ. ಆಸ್ಪತ್ರೆಯಿಂದಲೇ ತನು ಫೋನಿನಲ್ಲಿ 'ಪಾಸಾದೆ' ಎಂದಿದ್ದಳಂತೆ, ಅವರು ಆಗತಾನೇ ಪೇಡೆ ಹಂಚಿ ಬಂದಿದ್ದರು.

"ಪರೀಕ್ಷೆ ಅಂದ್ಮ್ಯಾಲೆ ತಯಾರಿ ಬ್ಯಾಡೇನವ್ವ? ಹಾಲೇಶಪ್ಪ ಮೇಷ್ಟ್ರ ಮೊಮ್ಮಗಳಿಗೆ ಓದಾಕ ಬರಲ್ಲ ಅಂತ ಸೀಲು ಹೊಡಿಸ್ಕೊಂಡು ಬರಾಕ ಹೊಂಟಿದ್ಯಲ್ಲ, ಊರಾಗ ನಾನು ಹೆಂಗೆ ತಿರುಗಾಡ್ಲಿ?"

"ಸೀಲು ಬಿದ್ರೇನೇ ಮಾವ ಅವಳು ಪರೀಕ್ಷೆ ಬರೆಯೋಕಾಗೋದು."

ಅವರು ಪೇಡೆ ಡಬ್ಬಿಯ ದಾರ ಸುತ್ತುತ್ತ ಕೂತರು. ತಮ್ಮ ಸರ್ವಿಸಿನಲ್ಲಿ ಒಂದು ಮಗುವನ್ನೂ ಫೇಲಾಗಲು ಬಿಡದವರು. ಆಮೇಲೆ ತಲೆ ಎತ್ತಿ, "ಹಂಗಾದ್ರೆ ಆತು ಬಿಡು. ತಪ್ಪು ಹೇಳೋದು ಕಲಿಸ್ತೀನಿ. ಎಲ್ಲೆಲ್ಲಿ ತಡೀಬೇಕು, ಯಾವ ಒತ್ತಕ್ಷರ ನುಂಗಬೇಕು, ಎಲ್ಲಾ ಹೇಳಿಕೊಡ್ತೀನಿ" ಎಂದರು. ತಮಾಷೆಯಲ್ಲ. ಕಣ್ಣು ತುಂಬಿತ್ತು. ಅಂದಿನಿಂದ ನಾನು ಅವರಿಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗುತ್ತಿಲ್ಲ. ಹೊಲಿಗೆ ಕ್ಲಾಸು ನಿಂತಿದೆ.

ಈಗಷ್ಟೇ ಅವಳು ಅವರೆಕಾಯಿ ಬಿಟ್ಟು ಬಗ್ಗಿ, ಮೇಲಿನ ಸಾಲೊಂದರ ಮೇಲೆ ಬೆರಳಿಟ್ಟು, "ಅಮ್ಮ, ಇದು ನನ್ನ ಹೆಸರಲ್ಲ?" ಎಂದಳು. ಹೌದೆಂದೆ. "ಅಪ್ಪಾಜಿಗೆ ನನ್ನ ಬಗ್ಗೆ ಏನು ಬರೆದೀ?" "ಅವರನ್ನ ಕೇಳ್ತಿದ್ದೀಯ ಅಂತ." ಖುಷಿಯಾಗಿ ಮತ್ತೆ ಕೂತಳು. ಇನ್ನು ಮುಂದೆ ಹೆಸರು ಬರೆಯುವುದಿಲ್ಲ.

ನಿಮ್ಮಿಂದ ಮುಚ್ಚಿಟ್ಟದ್ದು ಇನ್ನೊಂದಿದೆ. ದಸರಾ ರಜೆಗೆ ಮುಂಚೆ ಶಾಲೆಯ ಬ್ಯಾಗು ಬಸ್ಸಿನಲ್ಲಿ ಕಳೆಯಿತು ಎಂದಿದ್ದೆ. ಕಳೆಯಲಿಲ್ಲ. ಎಲ್ಲರೆದುರು ಎದ್ದು ನಿಂತು ಓದು ಎಂದಿದ್ದರಂತೆ. ಅವಳು ಶಾಲೆಯಿಂದ ನೇರ ಸೇತುವೆಗೆ ಹೋಗಿ, ಬ್ಯಾಗನ್ನು ಹೊಳೆಗೆ ಎಸೆದು, ಅಲ್ಲೇ ನಿಂತಿದ್ದಳು. ನಮ್ಮ ಓಣಿಯ ಆಟೋ ಖುದ್ದೂಸ್ ನೋಡಿ ಕರೆತಂದ. "ಅಕ್ಕಾ, ಬೈಬ್ಯಾಡ್ರಿ. ಕಂಬಿ ಹಿಡ್ಕೊಂಡು ನಿಂತಿತ್ತು ಹುಡುಗಿ. ನಾನು ಕರೆದದ್ದೂ ಕೇಳ್ಲಿಲ್ಲ" ಎಂದ. ಬ್ಯಾಗು ಹೋದರೆ ಹೋಗಲಿ. ಮುಂದಿನ ಸಲ ಹೊಳೆಗೆ ಏನು ಬೀಳುತ್ತದೆ ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ. ನನಗೆ ಬೇಕಾಗಿರುವುದು ಅಂಕವಲ್ಲ, ಆ ಸರ್ಟಿಫಿಕೇಟು. ನಿನ್ನ ಬುದ್ಧಿಗೆ ಏನೂ ಆಗಿಲ್ಲ ಎಂದು ಯಾರಾದರೂ ಬರೆದುಕೊಟ್ಟದ್ದನ್ನು ಅವಳಿಗೆ ಓದಿ ಹೇಳಬೇಕು.

ಮಾವನನ್ನು ಫೋನಿನಲ್ಲಿ ಗದರಿಸಬೇಡಿ. ಅವರೂ ಸರಿಯಾಗಿ ಉಣ್ಣುತ್ತಿಲ್ಲ. ಕೈಗಡಿಯಾರ ತಂದುಬಿಡಿ, ಮಾತು ಕೊಟ್ಟಾಗಿದೆ. ಈ ಕಾಗದ ನಿಮ್ಮನ್ನು ಮುಟ್ಟುವ ಹೊತ್ತಿಗೆ ಸೋಮವಾರ ಕಳೆದಿರುತ್ತದೆ. ಆದರೂ ಓದಿದ ಕೂಡಲೇ ಅವಳನ್ನು ನೆನೆದು ಆಶೀರ್ವಾದ ಮಾಡಿ. ತಡವಾಗಿ ಬಂದರೂ ಇಲ್ಲಿ ಅದಕ್ಕೆ ಕೆಲಸವಿರುತ್ತದೆ.

ನಿಮ್ಮ
ಸುಧಾ

ವಿ.ಸೂ.: ಭಾನುವಾರ ಬೆಳಿಗ್ಗೆ. ಕವರು ಇನ್ನೂ ಅಂಟಿಸಿರಲಿಲ್ಲ. ಮಾವನನ್ನು ಅಷ್ಟು ದೂರಿ ಬರೆದೆನಲ್ಲ, ಈಗ ನಾನೇ ಅದನ್ನು ಮಾಡಿದೆ. ಅವಳಿಗೆ ಜಡೆ ಹಾಕುತ್ತಿದ್ದೆ. ನಾಳೆಯ ಹೆದರಿಕೆ ತಡೆಯಲಾಗದೆ ಬಾಯಿಂದ ಬಂದೇಬಿಟ್ಟಿತು: "ನಾಳೆ ಮೇಡಂ ಓದು ಅಂದ್ರೆ, ಬಂದದ್ದನ್ನೂ ಒಂದಷ್ಟು ತಪ್ಪು ಹೇಳು. ನೀನು ಚೆನ್ನಾಗಿ ಹೇಳಿದ್ರೆ ನಮಗೆ ಸರ್ಟಿಫಿಕೇಟು ಸಿಗಲ್ಲ." ಅವಳ ಬೆನ್ನು ನನ್ನ ಕಡೆಗಿತ್ತು, ಮುಖ ಕಾಣಲಿಲ್ಲ. "ಹಂಗಾರೆ ಅವತ್ತು ನಾನು ಪಾಸಾಗಿದ್ದು?" ಎಂದು ಕೇಳಿದಳು. ನಾನು ಕೂದಲು ಬಾಚುತ್ತಲೇ ಇದ್ದೆ. ಅವಳೇ ಮತ್ತೆ ಹೇಳಿದಳು: "ತಪ್ಪು ಹೇಳಾಕ ನನಗ ಯಾರೂ ಕಲಿಸೋದು ಬ್ಯಾಡಮ್ಮ. ಅದು ತಾನೇ ಬರ್ತೈತೆ." ಆಮೇಲೆ ಇನ್ನೊಂದು ಜಡೆ ಹಾಕಲೆಂದು ತಲೆಯನ್ನು ಈ ಕಡೆಗೆ ವಾಲಿಸಿದಳು.